ಹೊಸಬರ ಮುಂದೆ ರೂಲ್ಸ್ ಬೇಡ, ಒಂದು ಬಾವಿ ಇಡಿ

ನಮಸ್ಕಾರ. ಟೇಬಲ್ ಮೇಲೆ ಕಾಣಿಸ್ತಿರೋದು ಇಷ್ಟೇ: ಮೂರು ಹಾಳೆ, ಪೆನ್ಸಿಲ್, ಒಂದು ಹಿಡಿ ದಾಳ. ಬೋರ್ಡ್ ಇಲ್ಲ, ಕಾಯಿ ಇಲ್ಲ. ಸುತ್ತ ಕೂತಿರೋದು ನಮ್ಮ ಅತ್ತಿಗೆ, ಎಂಟನೇ ಕ್ಲಾಸಿನ ಅವರ ಮಗಳು, ಕೆಳಗಿನ ಮನೆಯ ಮೇಷ್ಟ್ರು. ಮೂವರೂ ರೋಲ್‌ಪ್ಲೇಯಿಂಗ್ ಗೇಮಿಗೆ ಹೊಸಬರು.

ಒಬ್ಬರು ಎದುರಿಗೆ ಏನಿದೆ ಅಂತ ಬಣ್ಣಿಸಬೇಕು. ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳಬೇಕು. ಆಟ ಅಂದ್ರೆ ಅದೇ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಕ್ಕೆ ದಾರಿ ಮಾಡಿತು. ಈಗ ಅದರ ಆಟಗಾರರ ಪುಸ್ತಕ ಒಂದೇ 300 ಪುಟ ದಾಟುತ್ತದೆ. ನನಗೆ ತುಂಬಾ ಇಷ್ಟದ ಆಟ. ಆದರೆ ಭಾನುವಾರ ಊಟ ಮುಗಿಸಿ ಸುಮ್ನೆ ಬಂದು ಕೂತವರ ಕೈಗೆ ಅಷ್ಟು ದಪ್ಪ ಪುಸ್ತಕ ಕೊಡೋಕಾಗಲ್ಲ.

ಹಾಗಾಗಿ ಕೇರ್ನ್ ಆರಿಸಿಕೊಂಡೆ. ಯೋಚಾಯ್ ಗಾಲ್ 2020ರಲ್ಲಿ ಹೊರತಂದ ಪುಟ್ಟ ಆಟ, ನೆಟ್‌ನಲ್ಲಿ ಫ್ರೀಯಾಗಿ ಸಿಗುತ್ತದೆ. ಪಾತ್ರಕ್ಕೆ ಮೂರೇ ಗುಣ: ಬಲ, ಚುರುಕು, ಮನೋಬಲ. ಒಂದೊಂದಕ್ಕೂ ಆರು ಮುಖದ ಮೂರು ದಾಳ ಹಾಕಿ ಕೂಡಿದರೆ ಆಯಿತು. ಅತ್ತಿಗೆಗೆ ಬಲ 7 ಬಿತ್ತು, ಚುರುಕು 14. "ಏಳಾ? ಅಡುಗೆಮನೆಯ ಸಿಲಿಂಡರ್ ದಿನಾ ಎತ್ತೋದು ಯಾರು?" ಅಂದರು. ಬೇಕಿದ್ರೆ ಎರಡನ್ನು ಅದಲುಬದಲು ಮಾಡ್ಕೋಬಹುದು ಅಂದೆ. ಸ್ವಲ್ಪ ಯೋಚಿಸಿ, ಬೇಡ, ಓಡಿಹೋಗೋಕೆ ಚುರುಕೇ ಬೇಕು ಅಂದರು. ನೋಡಿ, ಪಾತ್ರ ಅಲ್ಲೇ ಹುಟ್ಟಿತು!

ಇಲ್ಲಿಗೆ ನಿಲ್ಲಿಸಿ, ನೇರವಾಗಿ ಕಥೆಗೆ ಹೋಗಿ. ಯುದ್ಧದ ನಿಯಮ, ಮಂತ್ರದ ನಿಯಮ ಯಾವುದನ್ನೂ ಈಗ ಹೇಳಬೇಡಿ. ನಾನು ಹೇಳಿದ್ದು ಇಷ್ಟು: ಕಾಡಿನ ನಡುವೆ ಒಂದು ಹಳೇ ಬಾವಿ ಇದೆ. ಒಳಗೆ ಮೆಟ್ಟಿಲು ಅರ್ಧದವರೆಗೆ ಮಾತ್ರ ಇದೆ. ಕೆಳಗೆ ನೀರು, ನೀರಿನ ಮಟ್ಟದಲ್ಲೇ ಒಂದು ಕಲ್ಲಿನ ಬಾಗಿಲು. ಏನು ಮಾಡ್ತೀರಿ?

ಮೇಷ್ಟ್ರು ಕೇಳಿದರು: "ನೀರು ಎಷ್ಟು ಆಳ ಇದೆಯಪ್ಪಾ?" ನೋಡಿದರೆ ಗೊತ್ತಾಗಲ್ಲ ಸಾರ್, ಕಪ್ಪಗಿದೆ ಅಂದೆ. ಅವರು ತಮ್ಮ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರು. ಇದಕ್ಕೆ ದಾಳ ಬೇಕಾ? ಬೇಡ. ಉಪಾಯ ಸರಿ ಇದೆ, ಅಪಾಯ ಇಲ್ಲ, ಉತ್ತರ ಕೊಟ್ಟುಬಿಡಿ. ಎರಡು ಆಳು ನೀರು, ಆಮೇಲೆ ಹಗ್ಗ ಕೆಳಗಿನಿಂದ ಜಗ್ಗುತ್ತಿದೆ ಅಂದೆ. ಮೂವರೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಅತ್ತಿಗೆ ಮುರಿದ ಮೆಟ್ಟಿಲಿಂದ ಬಾಗಿಲಿಗೆ ಹಾರಬೇಕು ಅಂದಾಗ ಮಾತ್ರ 20 ಮುಖದ ದಾಳ ಕೊಟ್ಟೆ. ಚುರುಕು 14 ಅಲ್ವಾ, 14 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆದ್ದಂತೆ. ನಿಯಮ ಕಲಿತದ್ದು ಆ ಒಂದೇ ವಾಕ್ಯದಲ್ಲಿ. ಬಿದ್ದದ್ದು 13.

ಕೇರ್ನ್‌ನಲ್ಲಿ ನನಗೆ ಜಾಸ್ತಿ ಇಷ್ಟ ಸಾಮಾನಿನ ಲೆಕ್ಕ. ಒಬ್ಬೊಬ್ಬರಿಗೆ ಹತ್ತೇ ಜಾಗ, ದೊಡ್ಡ ವಸ್ತು ಎರಡು ಜಾಗ ತಿನ್ನುತ್ತದೆ. ಹತ್ತೂ ತುಂಬಿದರೆ ಏಟು ತಡೆಯೋ ಅಂಕ ಸೊನ್ನೆಗೆ ಇಳಿಯುತ್ತದೆ, ಮುಂದಿನ ಏಟು ನೇರ ಬಲಕ್ಕೇ ಬೀಳುತ್ತದೆ. ಒಳಗೆ ಒಂದು ಆಳೆತ್ತರದ ಕಂಚಿನ ದೀಪ ಸಿಕ್ಕಿತು. ಅತ್ತಿಗೆ ಹತ್ರ ಆಗಲೇ ಎಂಟು ಜಾಗ ತುಂಬಿತ್ತು. ಮೂರು ದಿನದ ಬುತ್ತಿ ಬಿಡಬೇಕಾ, ದೀಪ ಬಿಡಬೇಕಾ ಅಂತ ತಾಯಿ ಮಗಳ ನಡುವೆ ದೊಡ್ಡ ಚರ್ಚೆ. ನಾನು ಬಾಯಿ ಹಾಕಲಿಲ್ಲ. ಆಟ ನಡೆಸುವವರು ಇಂಥ ಕಡೆ ಸುಮ್ಮನಿರಬೇಕು. ಕೊನೆಗೆ ಬುತ್ತಿ ಅಲ್ಲೇ ಉಳಿಯಿತು.

ಅಷ್ಟರಲ್ಲಿ ಕಾವಲು ಭೂತ ಎದ್ದಿತು. ಹುಡುಗಿಯ ಹತ್ತಿರ ಒಂದು ಮಂತ್ರದ ಪುಸ್ತಕ ಇತ್ತು, ಎಲ್ಲಿಂದಲೋ ಸದ್ದು ಬಂದಂತೆ ಭ್ರಮೆ ಹುಟ್ಟಿಸೋದು. "ಚಿಕ್ಕಪ್ಪ, ಬಾವಿಯಿಂದ ಗೆಜ್ಜೆ ಸದ್ದು ಬರಲಿ!" ಅಂದಳು. ಭೂತ ಅತ್ತ ತಿರುಗಿತು. ಮಂತ್ರಕ್ಕೂ ಬೆಲೆ ಇದೆ, ಅವಳ ಹಾಳೆಯಲ್ಲಿ ಒಂದು ಜಾಗಕ್ಕೆ 'ದಣಿವು' ಅಂತ ಬರೆಸಿದೆ.

ಮೇಷ್ಟ್ರು ಈಟಿ ಎತ್ತಿದರು. ಈ ಆಟದಲ್ಲಿ ಹೊಡೆತ ತಪ್ಪೋದೇ ಇಲ್ಲ, ಎಷ್ಟು ಪೆಟ್ಟಾಯಿತು ಅಂತಷ್ಟೇ ದಾಳ ಹಾಕಬೇಕು. ಈಟಿಗೆ ಎಂಟು ಮುಖದ್ದು. ಹೊಸಬರಿಗೆ ಇದು ದೊಡ್ಡ ಅನುಕೂಲ. ಸರದಿ ಬರೋವರೆಗೆ ಕಾದು, 'ತಪ್ಪಿತು' ಅನ್ನಿಸಿಕೊಂಡು ಕೂರುವ ಬೇಜಾರಿಲ್ಲ. ಆದರೆ ಎದುರಾಳಿಯ ಏಟೂ ತಪ್ಪಲ್ಲ. ಒಂದು ಏಟು ತಿಂದ ಮೇಲೆ ಮೇಷ್ಟ್ರೇ "ನಡೀರಿ, ಓಡೋಣ" ಅಂದರು. ಓಡಿದರು, ದೀಪದ ಸಮೇತ.

ನೀವೂ ಆಡಿಸ್ತೀರಾದರೆ, 20 ಮುಖದ ದಾಳ ಇಲ್ಲ ಅಂತ ನಿಲ್ಲಬೇಡಿ. ಫೋನಿನಲ್ಲಿ ದಾಳದ ಆ್ಯಪ್ ಇದೆ, ಇಲ್ಲಾಂದ್ರೆ 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ. ಕನ್ನಡದಲ್ಲೇ ಆಡಿಸಿ. ನಾಲ್ಕು ಜನರಿಗಿಂತ ಜಾಸ್ತಿ ಬೇಡ, ಎರಡು ಗಂಟೆ ಸಾಕು. ಮುಂದಿನ ಆಟ ಮೇಷ್ಟ್ರ ಮನೆಯಲ್ಲಿ. ಅವರ ಮನೆಯವರೂ ಆಡ್ತಾರಂತೆ, ನಾನು ಇನ್ನೊಂದು ಹಾಳೆ ತಯಾರು ಮಾಡಬೇಕು.