ಅಗಲ ಇರುವುದು ಲೆನ್ಸಿನಲ್ಲಲ್ಲ

ಸ್ನೇಹಿತರೆ, ನೀವೆಲ್ಲ ಫಿಲ್ಮ್ ಸುತ್ತಿದವರು, ಡಾರ್ಕ್‌ರೂಮಿನಲ್ಲಿ ಕೈ ನೆನೆಸಿದವರು. ಅಪರ್ಚರ್, ಶಟರ್ ಎಂದು ಬಿಡಿಸಿ ಹೇಳಬೇಕಾಗಿಲ್ಲ, ನೇರವಾಗಿ ನನ್ನ ತಕರಾರಿಗೇ ಬರುತ್ತೇನೆ. ಅಗಲ ನೋಟವನ್ನು ಒಂದೇ ಉದ್ದ ಚಿತ್ರದಲ್ಲಿ ಹಿಡಿಯುವ ಹಳೆಯ ಪನೋರಮಾ ಕ್ಯಾಮೆರಾ ಕಂಡ ಕೂಡಲೇ ‘ಇದರ ಲೆನ್ಸ್ ಎಷ್ಟು ವೈಡ್ ಇರಬಹುದು!’ ಎನ್ನುತ್ತಾರೆ. ಲೆನ್ಸು ತೀರಾ ಸಾಧಾರಣದ್ದು. ಅಗಲ ಬಂದದ್ದು ಅದರ ತಿರುಗಾಟದಿಂದ.

ಥಾಮಸ್ ಸಟನ್ 1859ರಲ್ಲಿ ನೀರು ತುಂಬಿದ ಲೆನ್ಸಿನಿಂದ ಸುಮಾರು 120 ಡಿಗ್ರಿ ಹಿಡಿದ, ನಿಜ. ಆ ದಾರಿಯೇ ಬೇರೆ, ಅದಕ್ಕೆ ಬಾಗಿದ ಗಾಜಿನ ಪ್ಲೇಟು ಬೇಕಾಯಿತು. ಅವನಿಗಿಂತ ಮೊದಲೇ, 1843ರಲ್ಲಿ ಆಸ್ಟ್ರಿಯದ ಜೋಸೆಫ್ ಪುಕ್‌ಬರ್ಗರ್, ಅವನ ಹಿಂದೆಯೇ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಫಾನ್ ಮಾರ್ಟೆನ್ಸ್, ಬಾಗಿಸಿದ ಡಗೆರೋಟೈಪ್ ತಗಡಿನ (ಬೆಳ್ಳಿ ಲೇಪಿಸಿದ ತಾಮ್ರದ ಹಳೆಯ ಫೋಟೋ ಫಲಕ) ಮುಂದೆ ಲೆನ್ಸನ್ನೇ ತಿರುಗಿಸಿದ್ದರು. ತಗಡು ಬಾಗುತ್ತದೆ, ಆಮೇಲೆ ಬಂದ ಗಾಜಿನ ಪ್ಲೇಟು ಸುಲಭಕ್ಕೆ ಬಾಗುವುದಿಲ್ಲ. ಆದ್ದರಿಂದ ಈ ಉಪಾಯ ಜನರ ಕೈಗೆ ಬರಲು ರೋಲ್ ಫಿಲ್ಮೇ ಬರಬೇಕಾಯಿತು: 1898ರ ಅಲ್-ವಿಸ್ಟಾ, 1899ರ ಕೊಡಾಕ್ ನಂ. 4 ಪನೋರಮ್ ಕ್ಯಾಮೆರಾಗಳು.

ಆ ಪನೋರಮ್‌ನ ನೆಗೆಟಿವ್ 12 ಅಂಗುಲ ಉದ್ದ, 3½ ಅಂಗುಲ ಎತ್ತರ, ನೋಟ 142 ಡಿಗ್ರಿ. ಲೆಕ್ಕ ಹಾಕಿ: ಫೋಕಲ್ ಲೆಂತ್ (ದೂರದ ಬಿಂಬ ಸ್ಪಷ್ಟವಾಗಿ ಮೂಡಲು ಲೆನ್ಸಿನಿಂದ ಬೇಕಾದ ಅಂತರ) ಐದು ಅಂಗುಲಕ್ಕೆ ತುಸು ಕಡಿಮೆ ಬರುತ್ತದೆ. ಎಲ್ಲಿದೆ ವೈಡು? ಫಿಲ್ಮ್ ಒರಗಿರುವ ಬಾಗಿದ ಬೆನ್ನಿನ ತ್ರಿಜ್ಯವೂ ಅಷ್ಟೇ. ಲೆನ್ಸ್ ತನ್ನ ಹಿಂಬದಿಯ ನೋಡಲ್ ಬಿಂದುವಿನ (ಫೋಕಲ್ ಲೆಂತ್ ಅಳೆಯುವುದು ಇಲ್ಲಿಂದಲೇ) ಮೇಲೆ ತಿರುಗಿದರೆ, ದೂರದ ಬಿಂಬ ಫಿಲ್ಮಿನ ಮೇಲೆ ಅಲುಗದೆ ನಿಲ್ಲುತ್ತದೆ. ಲೆನ್ಸಿನ ಜೊತೆ ಸರಿಯುವ ಸೀಳುಕಿಂಡಿ ಅದನ್ನು ಪಟ್ಟಿಪಟ್ಟಿಯಾಗಿ ಬರೆಯುತ್ತಾ ಹೋಗುತ್ತದೆ. ತಿರುಗುಗೂಟ ಆ ಬಿಂದುವಿನಿಂದ ಸರಿದರೆ ಚಿತ್ರ ಅಡ್ಡಡ್ಡ ಒರೆಸಿದಂತಾಗುತ್ತದೆ.

ಈಗ ನನಗೆ ಬಲು ಇಷ್ಟವಾದ ಸರ್ಕುಟ್ ಕ್ಯಾಮೆರಾ. ವಿಲಿಯಂ ಜಾನ್ಸ್ಟನ್ 1904ರಲ್ಲಿ ಪೇಟೆಂಟ್ ಪಡೆದದ್ದು. ಇಲ್ಲಿ ಇಡೀ ಕ್ಯಾಮೆರಾ ಟ್ರೈಪಾಡಿನ ದೊಡ್ಡ ಹಲ್ಲುಚಕ್ರದ ಮೇಲೆ ಸ್ಪ್ರಿಂಗ್ ಬಲದಿಂದ ತಿರುಗುತ್ತದೆ. ಬಿಂಬ ಯಾವ ಕಡೆಗೆ ಸರಿಯುತ್ತದೋ ಫಿಲ್ಮೂ ಅದೇ ಕಡೆಗೆ, ಅದೇ ವೇಗದಲ್ಲಿ ಕಿಂಡಿಯ ಹಿಂದೆ ಸರಿಯಬೇಕು. 10 ಅಂಗುಲದ ಲೆನ್ಸಿಗೆ ಒಂದು ಪೂರ್ತಿ ಸುತ್ತು ಎಂದರೆ ಸುಮಾರು 63 ಅಂಗುಲ ಫಿಲ್ಮ್. ಆದರೆ ಇದು ದೂರದ ಬೆಟ್ಟದ ಲೆಕ್ಕ. 25 ಅಡಿ ದೂರದ ಗುಂಪಿಗೆ ಲೆನ್ಸಿನಿಂದ ಬಿಂಬದ ದೂರ 10.34 ಅಂಗುಲ, ಫಿಲ್ಮ್ ಶೇ. 3.4ರಷ್ಟು ಹೆಚ್ಚು ಓಡಬೇಕು. ಫಿಲ್ಮ್ ಓಡಿಸುವ ಗೇರು ಬದಲಿಸದಿದ್ದರೆ ಕಾಲು ಅಂಗುಲದ ಕಿಂಡಿಯಲ್ಲಿ ಬಿಂಬ 0.2 ಮಿ.ಮೀ.ನಷ್ಟು ಜಾರುತ್ತದೆ, ಮುಖಗಳು ಮಸುಕಾಗುತ್ತವೆ. ಕಿಂಡಿ ಅರ್ಧಕ್ಕಿಳಿಸಿದರೆ ಜಾರುವುದೂ ಅರ್ಧ, ಬೆಳಕೂ ಅರ್ಧ. ಗುಂಪನ್ನು ಕ್ಯಾಮೆರಾದ ಸುತ್ತ ಕಮಾನಿನಂತೆ ನಿಲ್ಲಿಸುತ್ತಿದ್ದುದು ಏಕೆಂದು ಈಗ ಹೊಳೆದಿರಬೇಕು: ಎಲ್ಲರೂ ಒಂದೇ ದೂರ, ಎಲ್ಲರಿಗೂ ಒಂದೇ ಗೇರು.

ಶಾಲೆಯ ಗ್ರೂಪ್ ಫೋಟೋಗಳ ಆ ತುಂಟನ ಕಥೆ ನಿಮಗೂ ಗೊತ್ತು, ಆದರೂ ಹೇಳದೆ ಬಿಡಲಾರೆ. ಎಡತುದಿಯಲ್ಲಿ ನಿಲ್ಲುತ್ತಾನೆ. ಕಿಂಡಿ ತನ್ನನ್ನು ದಾಟಿತೋ, ಬಗ್ಗಿ ಸಾಲಿನ ಹಿಂದೆ ಓಟ! ಬಲತುದಿಯಲ್ಲಿ ಏದುಸಿರು ನುಂಗಿ, ಟೋಪಿ ಸರಿಮಾಡಿಕೊಂಡು ಮತ್ತೆ ನಿಲ್ಲುತ್ತಾನೆ. ಒಂದೇ ನೆಗೆಟಿವ್‌ನಲ್ಲಿ ಎರಡು ಸಲ ಅವನೇ! ವೈಡ್ ಲೆನ್ಸಾಗಿದ್ದರೆ ಇದು ಸಾಧ್ಯವಿತ್ತೇ? ನನ್ನ ವಾದಕ್ಕೆ ಅವನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಓಡುವಾಗ ಸಾಲಿನ ಮೇಲೆ ತಲೆಯೆತ್ತಿ, ಕಿಂಡಿಯ ದಿಕ್ಕಿನಲ್ಲೇ ಸಾಗುತ್ತಾ ಸಿಕ್ಕಿಬಿದ್ದರೆ ಮುಖ ಅಡ್ಡಕ್ಕೆ ಹಿಗ್ಗುತ್ತದೆ. ಎದುರು ದಿಕ್ಕಿನಲ್ಲಾದರೆ ಕುಗ್ಗುತ್ತದೆ.

ಅಧ್ಯಕ್ಷರಿಂದ ಚೀಟಿ ಬಂತು. ಬೇಗ ಮುಗಿಸುತ್ತೇನೆ. ಪ್ರಿಂಟಿನಲ್ಲಿ ನೆಟ್ಟಗೆ ಕಪ್ಪು ಪಟ್ಟೆ ಕಂಡರೆ ಅಲ್ಲಿ ಫಿಲ್ಮ್ ವೇಗವಾಗಿ ಓಡಿದೆ, ಬಿಳಿಚಿದರೆ ತಡವರಿಸಿದೆ: ಗೇರಿನ ಧೂಳು, ಗಟ್ಟಿಯಾದ ಎಣ್ಣೆ, ಗಾಳಿಯ ಹೊಡೆತ ನೋಡಿ. ಟ್ರೈಪಾಡ್ ಮಟ್ಟವಾಗಿರದಿದ್ದರೆ ಪೂರ್ತಿ ಸುತ್ತಿನಲ್ಲಿ ದಿಗಂತ ಅಲೆಯಂತೆ ಏಳುತ್ತದೆ, ಬೀಳುತ್ತದೆ.

ನೇರ ಕಟ್ಟಡ ಬಿಲ್ಲಿನಂತೆ ಬಾಗಿ ಬಂತೆಂದು ಲೆನ್ಸನ್ನು ಬೈಯಬೇಡಿ. 10 ಅಂಗುಲದ ಲೆನ್ಸಿನ ಕಾಂಟ್ಯಾಕ್ಟ್ ಪ್ರಿಂಟನ್ನು (ನೆಗೆಟಿವ್ ಗಾತ್ರದ್ದೇ ಪ್ರಿಂಟು) 10 ಅಂಗುಲ ತ್ರಿಜ್ಯಕ್ಕೆ ಬಾಗಿಸಿ, ನಡುವೆ ಕಣ್ಣಿಟ್ಟು ನೋಡಿ. ಗೋಡೆ ನೆಟ್ಟಗಾಗುತ್ತದೆ.