ತುಮಕೂರಿನ ಸ್ವಿಚ್ ಫೈಲು, ಕಾಣೆಯಾದ ಏಳನೇ ಪೋರ್ಟು

ಸ್ಕ್ರೀನ್ ಕಾಣುತ್ತಿದೆ ಅಲ್ವಾ? ಅಂತರಸನಹಳ್ಳಿ ಕಡೆಯ ಒಂದು ಫ್ಯಾಕ್ಟರಿಯ ಸಿಸ್ಕೋ ಸ್ವಿಚ್ ಕಾನ್ಫಿಗ್ ಇದು, ಅಂದರೆ ಕಂಪ್ಯೂಟರ್‌ಗಳನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆಯ ಸೆಟ್ಟಿಂಗ್ ಫೈಲು. ಐಪಿ ಎಲ್ಲ ಮಸುಕು ಮಾಡಿದ್ದೇನೆ. ಯಾವ ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) ಯಾವ ವಿಲ್ಯಾನ್‌ನಲ್ಲಿದೆ (ಸ್ವಿಚ್ ಒಳಗೆ ಬೇರೆ ಮಾಡಿದ ನೆಟ್‌ವರ್ಕ್ ಗುಂಪು) ಅಂತ ಪಟ್ಟಿ ಬೇಕು.

ಸಾಲು ಎಡ ಅಂಚಿನಿಂದಲೇ ‘ಇಂಟರ್‌ಫೇಸ್’ ಅಂತ ಶುರುವಾದರೆ ಹೊಸ ಪೋರ್ಟ್. ಮೊದಲಲ್ಲಿ ಒಂದು ಸ್ಪೇಸ್ ಇದ್ದರೆ ಆ ಪೋರ್ಟಿಗೆ ಸೇರಿದ್ದು. ಇದಕ್ಕೆ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಯಾಕೆ? ಸಾಲು ಯಾವುದರಿಂದ ಶುರು ಅಂತ ನೋಡುವ ಪೈಥಾನ್‌ನ ಸ್ಟಾರ್ಟ್ಸ್‌ವಿತ್ ಸಾಕು.

ಔಟ್‌ಪುಟ್ ನೋಡಿ. ಆರು ಇದೆ, ಎಂಟು ಇದೆ. ಏಳು ಎಲ್ಲಿ ಹೋಯ್ತು? ಅದರ ವಿಲ್ಯಾನ್ ಆರನೇದಕ್ಕೆ ಅಂಟಿಕೊಂಡಿದೆ. ಫೈಲ್ ತೆರೆದರೆ ನಡುವೆ ‘--ಮೋರ್--’ ಕೂತಿದೆ. ಇದಕ್ಕೆ ನನಗೆ ಸಿಕ್ಕಾಪಟ್ಟೆ ಸಿಟ್ಟು ಬರುತ್ತದೆ. ಸ್ವಿಚ್ 24 ಸಾಲಿನ ಪರದೆ ತುಂಬಿದಾಗ ನಿಲ್ಲುತ್ತದೆ, ಸ್ಪೇಸ್ ಒತ್ತಿದರೆ ಮುಂದೆ ಹೋಗುತ್ತದೆ. ‘ಮೋರ್’ ಅಳಿಸಿದ ಹಾಗೆ ಕಾಣುತ್ತದೆ. ಆದರೆ ಸ್ವಿಚ್ ಅಲ್ಲಿ ಬ್ಯಾಕ್‌ಸ್ಪೇಸ್ ಕಳಿಸಿ, ಮೇಲೆ ಸ್ಪೇಸ್ ಬರೆದು, ಮತ್ತೆ ಬ್ಯಾಕ್‌ಸ್ಪೇಸ್ ಕಳಿಸಿರುತ್ತದೆ. ಪರದೆ ಮೇಲೆ ಮಾಯ, ಲಾಗ್ ಫೈಲಿನಲ್ಲಿ ಅಷ್ಟೂ ಹಾಗೇ ಉಳಿಯುತ್ತದೆ. ಏಳನೇ ಪೋರ್ಟಿನ ಸಾಲು ಈ ಕಸದಿಂದ ಶುರುವಾಗಿದೆ, ಸ್ಕ್ರಿಪ್ಟಿಗೆ ಅದು ಪೋರ್ಟ್ ಅಂತಲೇ ಗೊತ್ತಾಗಲಿಲ್ಲ. ಕಾನ್ಫಿಗ್ ತೆಗೆಯುವ ಮುಂಚೆ ‘ಟರ್ಮಿನಲ್ ಲೆಂಗ್ತ್ 0’ ಅಂತ ಹೊಡೆದಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ. ಫೈಲ್ ಕಳಿಸುವವರೇ, ದಯವಿಟ್ಟು ಅದೊಂದು ಸಾಲು ಹೊಡೆಯಿರಿ.

ಬಾಗಿಲ ಸದ್ದು ಕೇಳಿಸಿತಾ? ತಮ್ಮ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತಂದ. ಬೆಣ್ಣೆ ಇನ್ನೂ ಕರಗುತ್ತಿದೆ ನೋಡಿ. ಬೆಂಗಳೂರಲ್ಲಿ ನಾನು ತಿಂದದ್ದು ಇಷ್ಟು ಮೆತ್ತಗಿರಲಿಲ್ಲ. ಚಟ್ನಿ ಮಾತ್ರ ಅಲ್ಲಿಯದೇ... ಸರಿ, ಶಾಟ್ ಮುಗಿಯುತ್ತಿದೆ, ಕೋಡಿಗೆ ಬರೋಣ.

ಈ ಕಸ ತೆಗೆಯಲಾದರೂ ರೆಜೆಕ್ಸ್ ಬೇಕು ಅಂದುಕೊಂಡಿದ್ದೆ. ಬೇಡ. ಬ್ಯಾಕ್‌ಸ್ಪೇಸ್ ಇರುವಲ್ಲೆಲ್ಲ ಸಾಲನ್ನು ಸ್ಪ್ಲಿಟ್ ಮಾಡಿ, ಕೊನೆಯ ತುಂಡು ಇಟ್ಟುಕೊಂಡರೆ ಆಯ್ತು. ಅದಕ್ಕೆ ಅಂಚಿನ ಸ್ಪೇಸ್ ಎಲ್ಲ ಕತ್ತರಿಸುವ ಸ್ಟ್ರಿಪ್ ಮಾತ್ರ ಹಾಕಬೇಡಿ. ಸಾಲಿನ ಮೊದಲಿನ ಆ ಒಂದು ಸ್ಪೇಸ್ ಹೋದರೆ ಇಡೀ ಲೆಕ್ಕ ತಪ್ಪುತ್ತದೆ.

ರನ್. ಏಳು ಬಂತು, ವಿಲ್ಯಾನ್ 30. ಎಂಟರ ಎದುರು ಖಾಲಿ ಇದೆಯಲ್ಲ, ಅದು ಸರಿಯಾಗೇ ಇದೆ. ಆಕ್ಸೆಸ್ ಪೋರ್ಟಿಗೆ (ಒಂದೇ ವಿಲ್ಯಾನ್‌ಗೆ ಸೇರಿದ ಪೋರ್ಟ್) ವಿಲ್ಯಾನ್ 1 ಡೀಫಾಲ್ಟ್, ಅದನ್ನು ಸ್ವಿಚ್ ಕಾನ್ಫಿಗ್‌ನಲ್ಲಿ ಬರೆಯುವುದಿಲ್ಲ. ಅಲ್ಲಿ 1 ತುಂಬುವ ಸಾಲು ಸೇರಿಸಿ ಪಟ್ಟಿ ಕಳಿಸುತ್ತೇನೆ.