ಮೊದಲು ನೀರಿಗೆ ದಾರಿ, ಆಮೇಲೆ ಕಾಲಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಬಡಾವಣೆಯಿಂದ ಬಡಾವಣೆಗೆ ಎಷ್ಟು ಮಹಾ ದೂರ? ಕುವೆಂಪುನಗರದಿಂದ ಸರಸ್ವತಿಪುರಂಗೆ ಆರಾಮಾಗಿ ಸೈಕಲ್ ತುಳಿದುಕೊಂಡು ಹೋಗಿಬರಬಹುದು. 2017ರಲ್ಲಿ ಊರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲೂ ಬಂತು. ಸೈಕಲ್ ಬಂದಮೇಲೆ ಅದಕ್ಕೊಂದು ದಾರಿ ಬೇಡವೇ? ನಡೆಯುವವರಿಗೂ ಸೈಕಲ್ಲಿನವರಿಗೂ ಬಡಾವಣೆಗಳ ನಡುವೆ ಹೊಸ ದಾರಿ ಮಾಡಬೇಕೆಂದು ಓಡಾಡುತ್ತಿರುವ ಸಂಘದವರಿಗೆ, ಕೆಲಸ ಹಿಡಿಯುವ ಮೇಸ್ತ್ರಿಗಳಿಗೆ ನನ್ನದು ಒಂದೇ ಮಾತು: ಮೊದಲು ನೀರಿಗೆ ದಾರಿ ಮಾಡಿ, ಆಮೇಲೆ ಕಾಲಿಗೆ.

ಇಬ್ಬರೂ ಓಡಾಡಲು 3 ಮೀಟರ್ ಅಗಲ ಬೇಕು. ಅಂಥ ದಾರಿಯ 100 ಮೀಟರ್ ಉದ್ದಕ್ಕೆ 10 ಮಿಲಿಮೀಟರ್ ಮಳೆ ಬಿದ್ದರೆ 3,000 ಲೀಟರ್ ನೀರು. ತಾರಸಿ ಮೇಲಿನ ಸಾವಿರ ಲೀಟರಿನ ಟ್ಯಾಂಕು ಮೂರನ್ನು ಒಟ್ಟಿಗೆ ಬಗ್ಗಿಸಿದ ಹಾಗೆ. ಮೇ ತಿಂಗಳ ಗುಡುಗು ಮಳೆಗೆ ಇದೇನೂ ದೊಡ್ಡ ಕೆಲಸವಲ್ಲ.

ಈ ನೀರನ್ನು ಮರೆತರೆ ಏನಾಗುತ್ತದೆ ನೋಡಿ. ಅಂದವಾಗಿ ಇಂಟರ್‌ಲಾಕ್ ಕಲ್ಲು ಹಾಸಿರುತ್ತಾರೆ. ಮೊದಲ ಮಳೆಗೆ ನೀರು ಸಂದಿಗಿಳಿಯುತ್ತದೆ. ಅಂಚುಗಲ್ಲು ಗಟ್ಟಿಯಾಗಿ ಕೂತಿರದಿದ್ದರೆ ಕೆಳಗಿನ ಮರಳು ಮೆಲ್ಲಗೆ ಜಾರಿ ಚರಂಡಿ ಸೇರುತ್ತದೆ. ಒಂದು ಕಲ್ಲು ಅರ್ಧ ಇಂಚು ಕುಸಿಯುತ್ತದೆ. ಕುಸಿದಲ್ಲಿ ನೀರು ನಿಂತು ಪಕ್ಕದ ಕಲ್ಲನ್ನೂ ಸಡಿಲ ಮಾಡುತ್ತದೆ. ತರಕಾರಿ ಚೀಲ ಹಿಡಿದು ಬಂದವರೊಬ್ಬರು ಅದರ ಮೇಲೆ ಕಾಲಿಟ್ಟರೆ ಕಲ್ಲಿನ ಇನ್ನೊಂದು ಮೂಲೆ ಮೇಲೆದ್ದು, ಅಡಿಯ ಕೆಸರು ಸೀರೆಯ ನೆರಿಗೆಗೆ ಚಿಮ್ಮುತ್ತದೆ. ಮಾರನೆಯ ದಿನದಿಂದ ಅವರು ರಸ್ತೆಯಲ್ಲೇ ನಡೆಯುತ್ತಾರೆ. ಸೈಕಲ್ಲಿನವರು ಅದಕ್ಕೂ ಮೊದಲೇ ರಸ್ತೆಗೆ ಇಳಿದಿರುತ್ತಾರೆ. ಎಲ್ಲರೂ ಕಲ್ಲನ್ನು ಬೈಯುತ್ತಾರೆ, ಇಳಿಜಾರನ್ನು ಯಾರೂ ಕೇಳುವುದಿಲ್ಲ!

ಕಲ್ಲಿನ ಬದಲು ಕಾಂಕ್ರೀಟ್ ದಾರಿ ಮಾಡುವುದಾದರೆ ಹೀಗೆ ಮಾಡಿ. ಅಡ್ಡಕ್ಕೆ 50ಕ್ಕೆ 1ರಂತೆ ಇಳಿಜಾರು ಕೊಡಿ. ಅಂದರೆ 3 ಮೀಟರ್ ಅಗಲಕ್ಕೆ 6 ಸೆಂಟಿಮೀಟರ್, ಚರಂಡಿಯ ಕಡೆಗೆ. ಕಣ್ಣಂದಾಜು ಬೇಡ, ಲೆವೆಲ್ ಪೈಪಿಗೆ ನೀರು ತುಂಬಿ, ದಾರ ಕಟ್ಟಿ ನೋಡಿ. ಈ ಇಳಿಜಾರು ಅಗೆದ ತಳದಲ್ಲೇ ಬರಬೇಕು. ಕಾಂಕ್ರೀಟಿನಲ್ಲಿ ತಿದ್ದಿಕೊಳ್ಳೋಣ ಎಂದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ತೆಳುವಾದಲ್ಲಿ ಬಿರುಕು ಖಂಡಿತ.

20 ಸೆಂಟಿಮೀಟರ್ ಅಗೆದು, ಬೇರು ಕಿತ್ತು, ರೋಲರ್ ಹೊಡೆಯಿರಿ. ಎರೆಮಣ್ಣು ಸಿಕ್ಕರೆ ಇನ್ನೂ ಆಳಕ್ಕೆ ಹೋಗಿ ಮೊರಂ, ಅಂದರೆ ಗರಸು ಮಣ್ಣು, ತುಂಬಿಸಿ. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಸೀಳುತ್ತದೆ. ಮೇಲೆ 15 ಸೆಂಟಿಮೀಟರ್ ಜಲ್ಲಿ-ಮೊರಂ, ಅದರ ಮೇಲೆ 10 ಸೆಂಟಿಮೀಟರ್ ಎಂ-20 ಎಂಬ ದರ್ಜೆಯ ಕಾಂಕ್ರೀಟ್. 100 ಮೀಟರಿಗೆ 30 ಘನ ಮೀಟರ್ ಕಾಂಕ್ರೀಟ್ ಹಿಡಿಯುತ್ತದೆ. ದಾರಿ ಸುತ್ತಲ ನೆಲಕ್ಕಿಂತ 5 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ, ನಿಲ್ಲಲೇಬೇಕು. ಕೆಲಸದವರು ಕರಣೆ ಹಿಡಿದು ಕನ್ನಡಿಯಂತೆ ನಯ ಮಾಡಲು ಹೊರಡುತ್ತಾರೆ, ದಯವಿಟ್ಟು ತಡೆಯಿರಿ. ಅಡ್ಡಡ್ಡ ಪೊರಕೆ ಎಳೆದರೆ ಮಳೆಯಲ್ಲಿ ಚಕ್ರ ಜಾರದು. ಬಿರುಕು ಕಂಡಕಂಡಲ್ಲಿ ಬಾರದಂತೆ ಮೂರು ಮೀಟರಿಗೊಂದು ಗೀಟು, ಒಂದು ದಿನದೊಳಗೆ, ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಕೊಯ್ಯಿಸಿ. ಹತ್ತು ದಿನವಾದರೂ ಒದ್ದೆ ಗೋಣಿಚೀಲ ಹೊದಿಸಿಡಿ.

ಬಿಲ್ಲಿಗೆ ಸಹಿ ಹಾಕುವ ಮುಂಚೆ ಹತ್ತು ಹೆಜ್ಜೆಗೊಂದು ಬಿಂದಿಗೆ ನೀರು ಸುರಿಯಿರಿ. ಐದು ನಿಮಿಷ ಬಿಟ್ಟು ನೋಡಿ. ನಿಂತ ನೀರಿನಲ್ಲಿ ಒಂದು ರೂಪಾಯಿ ನಾಣ್ಯ ಮುಳುಗುವಂತಿದ್ದರೆ ಆ ಭಾಗ ಒಡೆಸಿ, ಮತ್ತೆ ಮಾಡಿಸಿ. ಮುಲಾಜು ಬೇಡ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಚರಂಡಿಯ ಜಾಲರಿ ಕಂಬಿಗಳು ದಾರಿಗೆ ಅಡ್ಡಲಾಗಿರಲಿ. ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಕಾರು ನುಗ್ಗದಂತೆ ನೆಡುವ ಕಂಬಗಳ ನಡುವೆ 1.2 ಮೀಟರ್ ಬಿಡಿ, ಗಾಲಿಕುರ್ಚಿ ದಾಟಬೇಕು. ರಸ್ತೆ ದಾಟುವಲ್ಲಿ 10 ಸೆಂಟಿಮೀಟರ್ ಎತ್ತರವಿದ್ದರೆ 1.2 ಮೀಟರ್ ಉದ್ದದ ಇಳಿಜಾರು ಬೇಕು. ಇನ್ನು ಮನೆ ಗೇಟಿನ ಮುಂದೆ ಕಾರು ಹತ್ತಿಸಲು ಸಿಮೆಂಟು ಸುರಿದು ಚರಂಡಿ ಮುಚ್ಚುತ್ತೀರಲ್ಲ, ಅದರ ಅಡಿಗೆ ಪೈಪು ಹಾಕಿಸಿ. ಕಸ ತೆಗೆಯಲು ಕೈ ಹೋಗುವಷ್ಟು ದೊಡ್ಡದೇ ಇರಲಿ. ನಮಸ್ಕಾರ.